ತೂಕದ ಕಾಕಾ

ಕಲಬುರಗಿಯ ಪ್ರತಿ ಓಣಿಯಲ್ಲೂ ಒಬ್ಬ ತೂಕದ ಕಾಕಾ ಇರುತ್ತಾರೆ. ಅಂಗಡಿಗೆ ಹೋದರೆ ಬೆಲೆ ಕೇಳುವ ಮೊದಲು ಸಾಮಾನು ಎತ್ತಿ ನೋಡುತ್ತಾರೆ. ಕೊಡ, ಬೀಗ, ಮಿಕ್ಸರ್ ಯಾವುದಾದರೂ ಸರಿ. ಲಗ್ನಪತ್ರಿಕೆಯನ್ನೂ ಅಂಗೈಯಲ್ಲಿ ಎರಡು ಸಲ ಕುಣಿಸಿ "ಹಗೂರ ಅದ" ಎಂದುಬಿಟ್ಟರೆ, ಆ ಬೀಗರ ಬಗ್ಗೆ ಮುಂದೆ ಮಾತೇ ಇಲ್ಲ.

ನಮ್ಮ ಓಣಿಯ ಕಾಕಾ ಎತ್ತಲಾರದೆ ಒಪ್ಪಿಕೊಂಡ ಸಾಮಾನು ಒಂದೇ: 2002ರ ದೀಪಾವಳಿಗೆ ಬಂದ 29 ಇಂಚಿನ ಡಬ್ಬಾ ಟೀವಿ. ಹತ್ತಿರಹತ್ತಿರ ಐವತ್ತು ಕಿಲೋ. ಯಾಕಿಷ್ಟು ಭಾರ ಎಂದು ಕೇಳಿದರೆ ಮುಗಿಯಿತು, ಚಹಾ ಬರುತ್ತದೆ, ಪಾಠವೂ ಬರುತ್ತದೆ. "ಒಳಗ ಗಾಳಿ ಇಲ್ಲೋ ತಮ್ಮಾ, ಪೂರಾ ಖಾಲಿ. ಹೊರಗಿನ ಗಾಳಿ ನಾಕೂ ಕಡಿಂದ ಒತ್ತತದ. ಗಾಜು ದಪ್ಪ ಇರಲಾರದ ಹ್ಯಾಂಗ? ಮ್ಯಾಲ ಕ್ಷಕಿರಣ ಹೊರಗ ಬರಬಾರದಂತ ಗಾಜಿನಾಗ ಸೀಸ ಬೆರಸ್ಯಾರ, ಸೀಸ!" ಆ ಸೀಸ ತಮ್ಮ ಪೂರ್ವಿಕರ ಆಸ್ತಿಯೇನೋ ಎಂಬಂತೆ ಎದೆ ಉಬ್ಬುತ್ತದೆ. ಟೀವಿಯ ಮಾತಿನಲ್ಲಿ ಬೆಂಗಳೂರಿನವರನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ. "ಅವರಿಗೆ ದೂರದರ್ಶನ ಬಂದಿದ್ದು 1981ಕ್ಕ. ನಮ್ಮ ಜಿಲ್ಲಾದ ಹಳ್ಳಿ ಮಂದಿ 1975ರಾಗೇ ಅಮೆರಿಕದ ಉಪಗ್ರಹದಿಂದ ನೋಡ್ಯಾರ!" ಇದು ಮಾತ್ರ ಖರೇ.

ಟೀವಿಯ ದೋಷಗಳನ್ನು ಹೇಳಬೇಕಾದವರು ಕಾಕೂ. ಮೇ ತಿಂಗಳಲ್ಲಿ ಹೊರಗೆ ನಲವತ್ತೆರಡು ಡಿಗ್ರಿ, ಒಳಗೆ ಇದೊಂದು ಒಲೆ. ಮುಟ್ಟಿದರೆ ಚುರ್ ಎನ್ನುವ ಗಾಜು ಓಣಿಯ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಹಿಂದಿನ ಡೊಳ್ಳುಹೊಟ್ಟೆಗೆ ಜಾಗ ಬಿಟ್ಟು ಬಿಟ್ಟು ಕುರ್ಚಿಗಳು ಬಾಗಿಲ ಹೊರಗೆ ಬಂದಿವೆ. ಮನೆಗೆ ಮೂರು ಸಲ ಬಣ್ಣ ಹೊಡೆಸಿದರೂ ಅದನ್ನು ಸರಿಸುವ ಧೈರ್ಯ ಯಾರಿಗೂ ಆಗದೆ, ಟೀವಿಯ ಹಿಂದಿನ ಗೋಡೆ ಇನ್ನೂ 2002ರಲ್ಲೇ ಇದೆ.

ಕೊನೆಗೆ ಮಗ 43 ಇಂಚಿನ ಹೊಸದನ್ನು ತರಿಸಿದ. ತಂದ ಹುಡುಗ ಡಬ್ಬವನ್ನು ಒಬ್ಬನೇ ಬಗಲಲ್ಲಿ ಹಿಡಿದು ಮೆಟ್ಟಿಲೇರಿದ. ಕಾಕಾ ಅದನ್ನು ಎತ್ತಿ ನೋಡಿದರು. "ತಮ್ಮಾ, ಬರೀ ಡಬ್ಬಿ ತಂದೀದಿ. ಟೀವಿ ಅಂಗಡ್ಯಾಗೇ ಉಳಿದದ, ಹೋಗಿ ತಗೊಂಡ ಬಾ."

ಹಳೆಯದನ್ನು ಕಮಲಾಪುರದ ಊರ ಮನೆಗೆ ಸಾಗಿಸುವುದೆಂದು ತೀರ್ಮಾನವಾಯಿತು. ನೆಹರು ಗಂಜಿನಲ್ಲಿ ತೊಗರಿ ಚೀಲ ಹೊತ್ತು ಹಲಗೆ ಏರುವ ಹಮಾಲರನ್ನೇ ಕರೆಸಿದರು. ಅವರಲ್ಲಿ ಹಿರಿಯ ಟೀವಿಗೆ ಒಂದು ಸುತ್ತು ಬಂದು ತಲೆ ಅಲ್ಲಾಡಿಸಿದ. "ಚೀಲಕ್ಕ ಕಿವಿ ಇರ್ತಾವ್ರಿ ಸಾವ್ಕಾರ, ಹಿಡೀಲಿಕ್ಕೆ. ಇದಕ್ಕೇನದ? ಹೊಟ್ಟಿ ಒಂದ ಅದ." ಅವನ ಮಾತು ಬರೋಬ್ಬರಿ. ಭಾರವೆಲ್ಲ ಮುಂದಿನ ಗಾಜಿನಲ್ಲಿ, ಹಿಂದೆ ಬರೀ ಪ್ಲಾಸ್ಟಿಕ್ಕು. ಬೆನ್ನ ಮೇಲೆ ಹೊರುವಂತಿಲ್ಲ. ಪರದೆಯನ್ನು ಎದೆಗೆ ಅವುಚಿಕೊಂಡು, ಬಹುದಿನದ ಮೇಲೆ ಸಿಕ್ಕ ಬೀಗರನ್ನು ಅಪ್ಪಿದ ಹಾಗೆ, ಕಾಲ ಕೆಳಗೇನಿದೆ ಎಂದು ಕಾಣದೆ ಹೆಜ್ಜೆ ಹಾಕಬೇಕು. ನಾಲ್ವರು ಅಪ್ಪಿದರು. ಐದನೆಯವರಾಗಿ ಕಾಕಾ "ಸಾವಕಾಶ, ಸಾವಕಾಶ" ಎಂದರು. ಅದಕ್ಕೂ ದಮ್ಮು ಬಂತು.

ಟಂಟಂನ ಹಿಂಭಾಗದಲ್ಲಿ ಕೌದಿ ಹೊದಿಸಿ ಮಲಗಿಸಿದ್ದಾಯಿತು. ಪಕ್ಕದಲ್ಲಿ ಕಾಕಾ ಅದರ ಮೇಲೆ ಕೈ ಇಟ್ಟು ಕೂತರು. ಹುಮನಾಬಾದ್ ರಸ್ತೆಯುದ್ದಕ್ಕೂ, ಯಾರನ್ನೋ ದವಾಖಾನೆಯಿಂದ ಊರಿಗೆ ಒಯ್ಯುತ್ತಿದ್ದಾರೆಂದು ತಿಳಿದು, ಬೈಕಿನವರು ಹಾರ್ನ್ ಬಾರಿಸದೆ ದಾರಿ ಬಿಟ್ಟರು.

ಕಮಲಾಪುರದ್ದು ಹಳೇ ಕಲ್ಲಿನ ಮನೆ. ಬಾಗಿಲಲ್ಲಿ ಎಂಥ ದೊಡ್ಡವರೂ ತಲೆ ಬಗ್ಗಿಸಲೇಬೇಕು. ಟೀವಿ ಬಗ್ಗಿಸಲಿಲ್ಲ. ಹೊತ್ತವರೂ ಬಗ್ಗುವಂತಿಲ್ಲ, ಬಗ್ಗಿದರೆ ಏಳುವಂತಿಲ್ಲ. ಹೊರಗಿನ ಕಟ್ಟೆಯ ಮೇಲೇ ಇಳಿಸಿ, ಭಂಗಾರದವನನ್ನು ಕರೆದರು. (ನಮ್ಮ ಕಡೆ ಗುಜರಿಗೆ ಭಂಗಾರ ಎನ್ನುತ್ತೇವೆ, ಬಂಗಾರಕ್ಕೂ ಅದಕ್ಕೂ ಒಂದು ಮಹಾಪ್ರಾಣದ ಅಂತರ.)

"ಬಂಗಾರದಂಥಾ ಟೀವಿ," ಎಂದರು ಕಾಕಾ.

"ಹೌದ್ರಿ, ಭಂಗಾರನೇ," ಎಂದ ಅವನು. "ಒಳಗಿನ ತಾಮ್ರದ ಸುರುಳಿಗೆ ರೊಕ್ಕ ಕೊಡ್ತೀನಿ. ಗಾಜು ನೀವೇ ಇಟ್ಕೋರಿ, ಸೀಸದ ಗಾಜು ಯಾರೂ ತಗೊಳಂಗಿಲ್ಲ."

ಅವನು ತಕ್ಕಡಿಯನ್ನು ಹೊರಗೇ ತೆಗೆಯಲಿಲ್ಲ. ಐವತ್ತು ಕಿಲೋ ಸಾಮಾನಿಗೆ ತೂಗದೆ ಬೆಲೆ ಕಟ್ಟಿದವನನ್ನು ಕಾಕಾ ಅದುವರೆಗೆ ಕಂಡಿರಲಿಲ್ಲ. "ನಡೀ ಇಲ್ಲಿಂದ" ಎಂದವರು ಆ ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲವಂತೆ.

ಹೋದ ವಾರ ಕಮಲಾಪುರಕ್ಕೆ ಹೋಗಿದ್ದೆ. ಟೀವಿ ಕಟ್ಟೆಯ ಮೇಲೇ ಇತ್ತು, ಅದರ ನೆತ್ತಿಯ ಮೇಲೆ ಊರಿನ ಹೆಸರಾದ ಕೆಂಪು ಬಾಳೆಯ ದೊಡ್ಡ ಗೊನೆ ಮಾಗುತ್ತಿತ್ತು.

"ನಿಮ್ಮ ಹೊಸಾದರ ಮ್ಯಾಲ ಇದನ್ನ ಇಡು ನೋಡೂಣು," ಎಂದರು ಕಾಕಾ. ಒಂದು ಹಣ್ಣು ಮುರಿದು, ಅಂಗೈಯಲ್ಲಿ ಎರಡು ಸಲ ಕುಣಿಸಿ, ಮತ್ತೆ ಅಲ್ಲೇ ಇಟ್ಟು, ಇನ್ನೊಂದನ್ನು ಮುರಿದು ಕೊಟ್ಟರು.