ಸ್ಪಿಲ್ಲು ಮೇಷ್ಟ್ರು

ಮದುವೆಮನೆಗೆ ಕಾಲಿಟ್ಟ ಕೂಡಲೇ ವಧೂವರರನ್ನು ಬಿಟ್ಟು ಹಿಂಬಾಗಿಲು ಎಲ್ಲಿದೆ ಎಂದು ಹುಡುಕುವವರನ್ನು ನೀವು ನೋಡಿರಬಹುದು. ಸಾಲ ಕೊಟ್ಟವರಿಗೆ ಹೆದರಿದ್ದಾರೆ ಎಂದುಕೊಳ್ಳಬೇಡಿ. ಅವರು ಕಾರ್ಖಾನೆಗಳಲ್ಲಿ ಸೇಫ್ಟಿ ಟ್ರೈನಿಂಗ್ ಕೊಡುವವರು. ಬಾಗಿಲು ಸಿಕ್ಕಿತು, ಅದಕ್ಕೆ ಅಡ್ಡವಾಗಿ ಅಕ್ಕಿ ಮೂಟೆ ಒಟ್ಟಿದ್ದಾರೆ ಎಂದು ಗೊತ್ತಾದರೆ ಅವತ್ತಿನ ಹೋಳಿಗೆ ಅವರಿಗೆ ರುಚಿಸುವುದಿಲ್ಲ. ಪಕ್ಕದಲ್ಲಿ ಕೂತವರಿಗೂ ರುಚಿಸದಂತೆ ನೋಡಿಕೊಳ್ಳುತ್ತಾರೆ.

ಈ ಕುಲಕ್ಕೆ ಮಾರ್ಚ್ 4 ಯುಗಾದಿಗಿಂತ ದೊಡ್ಡ ಹಬ್ಬ. 1966ರಲ್ಲಿ ಆ ದಿನ ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿತು. ಅದರ ನೆನಪಿಗೆ ಎಲ್ಲರ ಎದೆಗೂ ಹಸಿರು ಬ್ಯಾಡ್ಜು ಚುಚ್ಚುತ್ತಾರೆ, ಚುಚ್ಚುವಾಗ ಪಿನ್ನು ತಗುಲಿ ಒಬ್ಬರಿಗಾದರೂ ರಕ್ತ ಬರುತ್ತದೆ. ಇವರಲ್ಲಿ ಬೆಂಕಿಯವರು, ಕರೆಂಟಿನವರು, ಎತ್ತರದಲ್ಲಿ ಕೆಲಸ ಮಾಡುವುದನ್ನು ಕಲಿಸುವವರು ಎಂದು ಒಳಪಂಗಡಗಳಿವೆ. ನನ್ನ ಪಾಲಿಗೆ ಬಂದವರು ಚೆಲ್ಲಿದ ರಾಸಾಯನಿಕದವರು. ಆಸಿಡ್ಡೋ, ಸಾಲ್ವೆಂಟೋ ನೆಲದ ಮೇಲೆ ಚೆಲ್ಲಿದರೆ ಏನು ಮಾಡಬೇಕು ಎಂದು ಕಲಿಸುವುದು ಅವರ ಕಸುಬು. ಕಾರ್ಖಾನೆಯಲ್ಲಿ ಅವರಿಗಿರುವ ಹೆಸರು ಸ್ಪಿಲ್ಲು ಮೇಷ್ಟ್ರು.

ಮನೆ ಕೆಜಿಎಫ್‌ನ ನಂದಿದುರ್ಗದಲ್ಲಿ. ಊರಿಗಾಂನಲ್ಲಿ ರೈಲು ಹತ್ತುತ್ತಾರೆ, ನಾನು ಬಂಗಾರಪೇಟೆಯಲ್ಲಿ ಹತ್ತುತ್ತೇನೆ. ಅವರಿಗೆ ಒಂದು ದಿನ ಮಾಲೂರು, ಒಂದು ದಿನ ವೈಟ್‌ಫೀಲ್ಡ್. ಆಗಾಗ, ನನ್ನ ಗ್ರಹಚಾರಕ್ಕೆ, ನಾನು ಸ್ಟೋರ್ಸ್ ನೋಡಿಕೊಳ್ಳುವ ಕಾರ್ಖಾನೆ. ಬೆಳಗಿನ ಆ ರೈಲಿನಲ್ಲಿ ಇಸ್ಪೀಟು ಆಡುವವರಿದ್ದಾರೆ, ಹೂ ಕಟ್ಟುವವರಿದ್ದಾರೆ, ನಿಂತೇ ನಿದ್ದೆ ಮಾಡುವ ಯೋಗಿಗಳಿದ್ದಾರೆ. ಮೇಷ್ಟ್ರು ಮಾತ್ರ ಬಗ್ಗಿ ಸೀಟಿನ ಕೆಳಗೆ ನೋಡುತ್ತಾರೆ.

“ಯಾರದ್ದಮ್ಮ ಈ ಕ್ಯಾನು? ಒಳಗೇನಿದೆ?”

“ಮೊಸರು ಸಾರ್.”

“ಲೇಬಲ್ ಎಲ್ಲಿ?”

ಲೇಬಲ್ಲಿಲ್ಲದ ಪಾತ್ರೆಯಲ್ಲಿರುವುದು ವಿಷ ಎಂದೇ ತಿಳಿಯಬೇಕು ಎನ್ನುವುದು ಅವರ ಸಿದ್ಧಾಂತ. ಇದರಿಂದ ಹೆಚ್ಚು ನೊಂದವರು ಬಂಗಾರಪೇಟೆಯ ಪಾನಿಪುರಿಯವರು. ನಮ್ಮೂರಿನ ಪಾನಿ ಬೇರೆ ಊರುಗಳ ಹಾಗೆ ಹಸಿರಲ್ಲ, ಗಾಜಿನಂತೆ ತಿಳಿಯಾಗಿರುತ್ತದೆ. ಬಾಯಿಗಿಟ್ಟಾಗಲೇ ಗೊತ್ತಾಗುವುದು ಅದರ ಖಾರ. ಒಂದು ಸಂಜೆ ಮೇಷ್ಟ್ರನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ನಾನೇ. ಅವರು ಲೋಟ ಎತ್ತಿ ಬೆಳಕಿಗೆ ಹಿಡಿದು, “ಬಣ್ಣ ಇಲ್ಲ ಅಂದ ಮಾತ್ರಕ್ಕೆ ನೀರು ಅಂದ್ಕೊಬಾರ್ದು” ಎಂದು ಗಾಡಿಯ ಸುತ್ತ ನಿಂತವರಿಗೆಲ್ಲ ಪಾಠ ಶುರುಮಾಡಿದರು. ಗಟ್ಟಿ ಸಲ್ಫ್ಯೂರಿಕ್ ಆಸಿಡ್ಡೂ ನೋಡಲು ತಿಳಿಯೇ, ಫಿನಾಯಿಲ್ ಮಾರುವವರು ಹಳೇ ನೀರಿನ ಬಾಟಲಿಯಲ್ಲಿ ತುಂಬಿಕೊಡುವ ಟಾಯ್ಲೆಟ್ ಆಸಿಡ್ಡೂ ಹೆಚ್ಚುಕಡಿಮೆ ತಿಳಿಯೇ. ಅದನ್ನು ಬ್ಲೀಚಿಂಗ್ ಪೌಡರ್ ಜೊತೆ ಸುರಿದರೆ ಬಚ್ಚಲಲ್ಲೇ ಕ್ಲೋರಿನ್ ಅನಿಲ ಏಳುತ್ತದೆ ಎಂದು ಅವರು ವಿವರಿಸುವಷ್ಟರಲ್ಲಿ ಇಬ್ಬರು ಹುಡುಗಿಯರು ತಟ್ಟೆ ಕೆಳಗಿಟ್ಟು ಹೊರಟರು. ಗಾಡಿಯವನು ನನ್ನನ್ನು ನೋಡಿದ ನೋಟ ಇವತ್ತಿಗೂ ಬದಲಾಗಿಲ್ಲ. ನನಗೆ ಈಗ ಪುರಿ ಲೆಕ್ಕ ಹಾಕಿ ಕೊಡುತ್ತಾನೆ.

ಹೆದ್ದಾರಿಯಲ್ಲಿ ಅವರ ಸ್ಕೂಟರಿನ ಹಿಂದೆ ಕೂರುವುದು ಇನ್ನೊಂದು ಕಷ್ಟ. ಮುಂದೆ ಹೋಗುವ ಟ್ಯಾಂಕರುಗಳ ಬೆನ್ನ ಮೇಲಿನ ಕಿತ್ತಳೆ ಫಲಕವನ್ನು ಅವರು ಸಿನಿಮಾ ಪೋಸ್ಟರಿನಂತೆ ಓದುತ್ತಾರೆ. “1203, ಪೆಟ್ರೋಲು. 1075, ಗ್ಯಾಸು. 1830, ನಿಮ್ಮ ಸಲ್ಫ್ಯೂರಿಕ್ಕು.” ನನ್ನದು ಯಾಕಾಯಿತೋ ಗೊತ್ತಿಲ್ಲ, ಸ್ಟೋರ್ಸಿಗೆ ಬರುವುದೆಲ್ಲ ನನ್ನದೇ ಎಂದು ಅವರ ಲೆಕ್ಕ. ನಂಬರ್ ಸರಿಯಾಗಿ ಕಾಣದಿದ್ದರೆ ಹತ್ತಿರ ಹೋಗುತ್ತಾರೆ, ಕಂಡ ಮೇಲೆ ಹೆದರಿ ದೂರ ನಿಲ್ಲಿಸುತ್ತಾರೆ.

ಪಾಠದ ಸಾರವನ್ನು ಅವರೇ ನಾಲ್ಕು ಪದಕ್ಕೆ ಇಳಿಸಿದ್ದಾರೆ: ನೋಡು, ಕೂಗು, ಓಡು, ಆಮೇಲೆ ಓದು. ಚೆಲ್ಲಿದ್ದು ಕಂಡರೆ ಹತ್ತಿರ ಹೋಗಬೇಡ, ಸುತ್ತ ಇರುವವರನ್ನು ಕೂಗಿ ಎಬ್ಬಿಸು, ಗಾಳಿ ಬರುವ ಕಡೆಗೆ ಓಡು, ದೂರ ನಿಂತು ಆ ವಸ್ತುವಿನ ಸೇಫ್ಟಿ ಡೇಟಾ ಶೀಟ್ ಓದು. ಆ ಹದಿನಾರು ಭಾಗಗಳ ಪುರಾಣದಲ್ಲಿ ಆರನೆಯದು ಚೆಲ್ಲಿದ್ದರ ಬಗ್ಗೆ. ಕೈಗವಸು, ಕನ್ನಡಕ, ಬೂಟು ಹಾಕಿಕೊಂಡು ಸೋರಿಕೆ ನಿಲ್ಲಿಸುವುದು, ಮರಳು ಹಾಕಿ ಸುತ್ತ ಕಟ್ಟೆ ಕಟ್ಟುವುದು, ಚರಂಡಿಗೆ ಹೋಗದಂತೆ ತಡೆಯುವುದು, ಹೀರಿಸಿ ಎತ್ತುವುದು, ಎಲ್ಲ ಆಮೇಲೆ. ಅದರಲ್ಲೂ ನೈಟ್ರಿಕ್ ಆಸಿಡ್ ಮೇಲೆ ಮರದ ಹೊಟ್ಟು ಹಾಕಿದರೆ ಹೊಟ್ಟಿಗೇ ಬೆಂಕಿ ಹತ್ತಬಹುದು, ಪಾದರಸ ಚೆಲ್ಲಿದರೆ ಪೊರಕೆ ಮುಟ್ಟಲೇಬಾರದು, ಗುಡಿಸಿದಷ್ಟೂ ಸಣ್ಣ ಸಣ್ಣ ಹನಿಯಾಗಿ ಮೂಲೆಮೂಲೆಗೆ ಓಡುತ್ತದೆ ಎಂದು ಉಪಕಥೆಗಳು. ಎಲ್ಲ ಸರಿ. ಆದರೆ “ಓಡು” ಎನ್ನುವಲ್ಲಿಗೆ ಬಂದಾಗ ಪ್ರತಿ ಬ್ಯಾಚಿನಲ್ಲೂ ಒಬ್ಬ ಕೈಯೆತ್ತುತ್ತಾನೆ: “ಮಿಷಿನ್ ಬಿಟ್ಟು ಓಡಿದ್ರೆ ಮೆಮೋ ಕೊಡ್ತಾರೆ ಸಾರ್.”

ಆಗ ಮೇಷ್ಟ್ರು ಲ್ಯಾಪ್‌ಟಾಪು ಮುಚ್ಚಿ ಭೋಪಾಲಕ್ಕೆ ಹೋಗುತ್ತಾರೆ. 1984ರ ಡಿಸೆಂಬರ್ 2ರ ರಾತ್ರಿ, ಮೀಥೈಲ್ ಐಸೋಸಯನೇಟ್ ತುಂಬಿದ ಟ್ಯಾಂಕಿಗೆ ನೀರು ಸೇರಿ ಎದ್ದ ಅನಿಲ, ಗಾಳಿ ಎತ್ತ ಬೀಸುತ್ತಿದೆ ಎಂದು ಹೇಳುವವರಿಲ್ಲದೆ ಅನಿಲದ ಜೊತೆಗೇ ಓಡಿದ ಜನ. ಆ ಹೊತ್ತು ಅವರು ಜೋಕು ಮಾಡುವುದಿಲ್ಲ, ವಿಷಲ್ ಊದುವುದಿಲ್ಲ. ಆ ದುರಂತವಾದ ಮೇಲೆಯೇ 1987ರಲ್ಲಿ ಕಾರ್ಖಾನೆ ಕಾಯಿದೆಗೆ ಹೊಸ ಅಧ್ಯಾಯ ಸೇರಿಸಿ, ಅಪಾಯ ಕಂಡರೆ ಎಚ್ಚರಿಸುವ ಹಕ್ಕನ್ನು ಕೆಲಸಗಾರನಿಗೆ ಕೊಟ್ಟದ್ದು ಎಂದು ಸೆಕ್ಷನ್ ನಂಬರ್ ಸಮೇತ ಹೇಳುತ್ತಾರೆ, 41-ಎಚ್. ಮ್ಯಾನೇಜರು ಗಡಿಯಾರ ನೋಡಿಕೊಳ್ಳುತ್ತಾರೆ.

ಮುಂದಿನದು ಅಣಕು ಕವಾಯತು, ಅಂದರೆ ಮಾಕ್ ಡ್ರಿಲ್. ನಮ್ಮಲ್ಲಿ ಸ್ಪಿಲ್ ತಂಡ ಎಂದು ಐದು ಜನರ ಫೋಟೋ ನೋಟಿಸ್ ಬೋರ್ಡಿನಲ್ಲಿದೆ. ಅದರಲ್ಲಿ ನಾನೂ ಇದ್ದೇನೆ, ತಂಡ ಆರಿಸಿದ ದಿನ ರಜೆಯಲ್ಲಿದ್ದೆ ಎಂಬ ಅರ್ಹತೆಯಿಂದ. ಸ್ಪಿಲ್ ಕಿಟ್ ಎನ್ನುವ ಹಳದಿ ಡ್ರಮ್ಮಿಗೆ ಬೀಗವಿದೆ. ವರ್ಷಕ್ಕೊಮ್ಮೆ ಆಯುಧಪೂಜೆಯಲ್ಲಿ ಅದಕ್ಕೆ ವಿಭೂತಿ ಬಳಿದು ಕುಂಕುಮ ಇಡುತ್ತೇವೆ. ಅದರ ಮುಂದೆ ಒಡೆದ ಬೂದುಗುಂಬಳದ ಕೆಂಪು ನೀರಿಗೂ ಸುತ್ತ ಟೇಪು ಕಟ್ಟಬೇಕೆಂದು ಮೇಷ್ಟ್ರು ಹಟ ಹಿಡಿದಿದ್ದರು, ಅದು ಹಾಗಿರಲಿ.

ಆವತ್ತು ಅವರು ಲೋಡಿಂಗ್ ಬೇ ಹತ್ತಿರ ಅರಿಸಿನದ ನೀರು ಸುರಿದು, “ಇದು ಆಸಿಡ್ಡು” ಎಂದು ಘೋಷಿಸಿ, ಕಂಬದ ಹಿಂದೆ ಸ್ಟಾಪ್‌ವಾಚ್ ಹಿಡಿದು ನಿಂತರು. ನೋಡುವುದನ್ನು ನಾವು ಚೆನ್ನಾಗಿಯೇ ಮಾಡಿದೆವು. ಕೂಗುವವರು ಯಾರು ಎನ್ನುವಲ್ಲಿ ಚರ್ಚೆ ಹುಟ್ಟಿತು, ಯಾಕೆಂದರೆ ತಂಡದ ನಾಯಕರು ಮೀಟಿಂಗಿನಲ್ಲಿದ್ದರು. ಸೈರನ್ ಒತ್ತಲು ಹೋದ ಸೆಕ್ಯುರಿಟಿಯವನು ಕರೆಂಟಿಲ್ಲ ಎಂದು ವಾಪಸು ಬಂದ. ಡ್ರಮ್ಮಿನ ಬೀಗದ ಕೈ ರಾತ್ರಿ ಪಾಳಿಯವನ ಜೇಬಿನಲ್ಲಿ ಅವನ ಮನೆಗೆ ಹೋಗಿತ್ತು. ಅಷ್ಟರಲ್ಲಿ ಕ್ಯಾಂಟೀನ್ ಕಡೆಯಿಂದ ಹೌಸ್‌ಕೀಪಿಂಗ್ ಅಕ್ಕ ಬಕೆಟ್ಟು, ಮಾಪು ಹಿಡಿದು ಬಂದರು.

“ಯಾರ್ ಸಾರ್ ಇಲ್ಲಿ ಚೆಲ್ಲಿದ್ದು? ಈಗ್ತಾನೆ ಒರೆಸಿ ಹೋಗಿದ್ದೆ” ಎಂದು ಬಕೆಟ್ಟಿನ ನೀರು ಹೊಯ್ದು, ಎರಡೇ ಎಳೆತಕ್ಕೆ ಆಸಿಡ್ಡನ್ನು ಮಾಯ ಮಾಡಿಬಿಟ್ಟರು.

ಮೇಷ್ಟ್ರು ಕಂಬದ ಹಿಂದಿನಿಂದ ವಿಷಲ್ ಊದಿಕೊಂಡು ಹಾರಿ ಬಂದರು. “ಅಮ್ಮಾ, ನೀವು ಸತ್ತಿದ್ದೀರಿ!”

“ಯಾಕ್ ಸಾರ್ ಬೆಳಿಗ್ಗೆ ಬೆಳಿಗ್ಗೆ ಅಂಗಂತೀರ?”

ಗಟ್ಟಿ ಆಸಿಡ್ ಮೇಲೆ ನೀರು ಬಿದ್ದರೆ ಅಲ್ಲೇ ಕುದಿದು ಮುಖಕ್ಕೆ ಎಗರುತ್ತದೆ, ಬಟ್ಟೆ ಚಪ್ಪಲಿ ನಿಲ್ಲುವುದಿಲ್ಲ, ಒರೆಸಿದ ಮಾಪನ್ನು ಹಿಂಡಿದ ಕೈಯೂ ಹೋಯಿತು ಎಂದು ಅವರು ಒಂದೊಂದೇ ಅಂಗವನ್ನು ಕಳೆಯುತ್ತಾ ಬಂದರು. ಅಕ್ಕ ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡರು. ಸತ್ತವರು ಡ್ರಿಲ್ ಮುಗಿಯುವ ತನಕ ಹೊಂಗೆ ಮರದ ಕೆಳಗೆ ಮಲಗಿರಬೇಕು ಎನ್ನುವುದು ನಿಯಮ. ಮಲಗಲು ಅವರ ಅಭ್ಯಂತರವೇನೂ ಇರಲಿಲ್ಲ.

“ಹನ್ನೊಂದಕ್ಕೆ ಆಫೀಸ್ ಟಾಯ್ಲೆಟ್ ತೊಳೀಬೇಕು ಸಾರ್. ಸತ್ತೋಗಿದ್ದೀನಿ ಅಂತ ಸೂಪರ್‌ವೈಸರ್‌ಗೆ ನೀವೇ ಒಂದ್ಮಾತು ಹೇಳ್ಬಿಡಿ. ಆಮೇಲೆ, ಸತ್ತೋರಿಗೆ ಊಟದ ಟೋಕನ್ ಐತಾ?”

ಸೂಪರ್‌ವೈಸರಿಗೆ ಹೇಳಿದ್ದಾಯಿತು. ಆತ ಎರಡನೆಯ ಯೋಚನೆಯಿಲ್ಲದೆ ಅರ್ಧ ದಿನದ ಹಾಜರಿ ಕಟ್ ಮಾಡಿದ. ಮೇಷ್ಟ್ರು ಹೋಗಿ ಜಗಳವಾಡಿ ಅದನ್ನು ವಾಪಸು ಬರೆಸಿದರು. ಕೊನೆಗೆ ವರದಿ ಬರೆಯಲು ತರಬೇತಿ ಪಟ್ಟಿ ತೆರೆದರೆ ಅಕ್ಕನ ಹೆಸರಿಲ್ಲ. ಒರೆಸುವವರು, ಗುಡಿಸುವವರು, ಡ್ರಮ್ಮು ಇಳಿಸುವ ಹಮಾಲಿಗಳು, ಯಾರ ಹೆಸರೂ ಇಲ್ಲ. ಎಲ್ಲ ಕಾಂಟ್ರ್ಯಾಕ್ಟಿನವರು.

ವಾಪಸು ರೈಲಿನಲ್ಲಿ ಅವರು ಯಾವ ಕ್ಯಾನನ್ನೂ ಬಗ್ಗಿ ನೋಡಲಿಲ್ಲ. ಟೇಕಲ್ ದಾಟಿದ ಮೇಲೆ ಬಾಯಿಬಿಟ್ಟರು. “ಚೆಲ್ಲಿದ್ದು ಮೊದಲು ಯಾರ ಕಣ್ಣಿಗೆ ಬೀಳುತ್ತೆ ಸ್ಟೋರ್ಸೂ? ಒರೆಸೋರ ಕಣ್ಣಿಗೆ. ನಾನು ಇಷ್ಟು ದಿನ ಪಾಠ ಹೇಳಿದ್ದು ಯಾರಿಗೆ? ಎಸಿ ರೂಮಲ್ಲಿ ಸಮೋಸ ತಿನ್ನೋ ನಿಮಗೆ.” ಸಮೋಸದ ಮಾತು ಬೇಕಿರಲಿಲ್ಲ. ಅದನ್ನು ತರಿಸಿದ್ದು ಸ್ಟೋರ್ಸ್ ಅಲ್ಲ, ಎಚ್‌ಆರ್.

ಅವರ ಮನೆಗೆ ನಾನು ಹೋದದ್ದು ಒಂದು ಆಷಾಢದಲ್ಲಿ. ಗಣಿಯ ಕಾಲದ ಲೈನ್ ಮನೆ. ಆಚೆ ಬೂದಿ ಬಣ್ಣದ ಸೈನೈಡ್ ದಿಬ್ಬ. ಹೊರಗಿನವರಿಗೆ ಅದು ಸಿನಿಮಾ ಶೂಟಿಂಗ್ ಜಾಗ. ಅದಿರನ್ನು ಹಿಟ್ಟು ಮಾಡಿ ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿಕೊಂಡ ಮೇಲೆ ಉಳಿದ ಪುಡಿ ಅದು. ಕೆಜಿಎಫ್‌ನಲ್ಲಿ ಅಂಥ 13 ದಿಬ್ಬಗಳಿವೆ, ಒಟ್ಟು ಸುಮಾರು 3.3 ಕೋಟಿ ಟನ್. ಮೇಷ್ಟ್ರ ಅಪ್ಪ ಮಿಲ್ಲಿನಲ್ಲಿ ಸುಣ್ಣ ಹಾಕುವ ಕೆಲಸದಲ್ಲಿದ್ದರಂತೆ. ಸುಣ್ಣ ಕಡಿಮೆಯಾಗಿ ದ್ರಾವಣ ಹುಳಿಯ ಕಡೆಗೆ ತಿರುಗಿದರೆ ಸೈನೈಡು ಅನಿಲವಾಗಿ ಏಳುತ್ತದೆ. ಹಾಗಾಗದಂತೆ ಕಾಯುವುದೇ ಆ ಸುಣ್ಣದ ಕೆಲಸ. ಅವರಿಗೆ ಡೇಟಾ ಶೀಟ್ ಯಾರೂ ಕೊಟ್ಟಿರಲಿಲ್ಲ, ಪಕ್ಕದಲ್ಲಿ ನಿಂತ ಹಿರಿಯ ಕೆಲಸಗಾರನೇ ಡೇಟಾ ಶೀಟು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ದಿಬ್ಬಗಳಿಗೆ ಯಾರೂ ಟೇಪು ಕಟ್ಟಲಿಲ್ಲ.

ಮೇಷ್ಟ್ರ ತಾಯಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಹಾಕುವ ಮುಂಚೆ ಸೆರಗಿನ ತುದಿಯನ್ನು ಬೆರಳಲ್ಲಿ ಹಿಡಿದು ಮೇಲೆತ್ತಿ, ಅದು ಎತ್ತ ವಾಲುತ್ತದೆ ನೋಡಿ, ಒಂದು ತಂತಿ ಬಿಟ್ಟು ಇನ್ನೊಂದಕ್ಕೆ ಹೋದರು. ಒಳಗೆ ಬಂದು ದಿಬ್ಬದ ಕಡೆಯ ಕಿಟಕಿ ಮುಚ್ಚಿ, ಕೊಡದ ಮೇಲೆ ತಟ್ಟೆ ಕವುಚಿ, “ಧೂಳು ಬರ್ತೈತೆ, ಒಳಗ್ ಕೂತ್ಕೊಳ್ಳಪ್ಪ” ಎಂದರು. ಸ್ವಲ್ಪ ಹೊತ್ತಿಗೆ ಬಂದೇ ಬಂತು. ಗಾಳಿ ನೋಡುವುದನ್ನು ಇವರಿಗೆ ಕಲಿಸಿದವರು ಯಾರು ಎಂದು ನಾನು ಕೇಳಲಿಲ್ಲ. ಮೇಷ್ಟ್ರು ಮಾತ್ರ ಆ ಹೊತ್ತಿನಲ್ಲೂ ಬಿಡದೆ, ನುಣ್ಣನೆಯ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಏಳುವುದಿಲ್ಲ ಎಂದು ನನಗೆ ಕೊಟ್ಟ ಕಾಫಿ ಆರುವವರೆಗೂ ವಿವರಿಸಿದರು.

ಮುಂದಿನ ತರಬೇತಿಗೆ ಹೌಸ್‌ಕೀಪಿಂಗ್ ಅಕ್ಕ ಬಂದರು. ಕಾಂಟ್ರ್ಯಾಕ್ಟಿನವರ ಸಹಿ ಕಂಪನಿ ರಿಜಿಸ್ಟರಿನಲ್ಲಿ ಬರುವ ಹಾಗಿಲ್ಲ ಎಂದು ಎಚ್‌ಆರ್ ತಕರಾರು ತೆಗೆದಾಗ ಮೇಷ್ಟ್ರು ಅವರನ್ನು ಅತಿಥಿ ಎಂದು ಬರೆದುಕೊಂಡರು. ಹಾಗಾಗಿ ಅಕ್ಕನಿಗೆ ಕುರ್ಚಿ ಸಿಕ್ಕಿತು, ಗೋಡಂಬಿ ಬಿಸ್ಕತ್ತೂ ಸಿಕ್ಕಿತು. ಎಲ್ಲ ಮುಗಿದು ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ನಾವು ವಾಡಿಕೆಯಂತೆ ಚಪ್ಪಾಳೆ ತಟ್ಟಲು ಕೈಯೆತ್ತಿದೆವು. ಅಕ್ಕ ಪ್ರಶ್ನೆ ಕೇಳಲು ಎತ್ತಿದರು.

“ಸೆಕೆಂಡ್ ಶಿಫ್ಟಲ್ಲಿ ಈ ಡ್ರಮ್ಮಿನ ಬೀಗದ ಕೈ ಯಾರ ತಾವ ಇರ್ತೈತೆ ಸಾರ್?”

ಯಾರಿಗೂ ಗೊತ್ತಿರಲಿಲ್ಲ. ಅವತ್ತೇ ಬೀಗ ಕಿತ್ತು ಹಾಕಿದರು.

“ಇನ್ನೊಂದು ಸಾರ್. ಒಳಗಿರೋ ಗಂಬೂಟೆಲ್ಲ ಒಂಬತ್ತನೇ ನಂಬರ್ರು. ನನ್ನ ಕಾಲು ಐದು. ಇದನ್ನ ಹಾಕ್ಕೊಂಡು ಓಡು ಅಂದ್ರೆ ಆಸಿಡ್ಡಲ್ಲಿ ಸಾಯೋಕ್ ಮುಂಚೆ ಮುಗ್ಗರಿಸಿ ಸಾಯ್ತೀನಿ.”

ಮೇಷ್ಟ್ರು ಹಾಗೇ ನನ್ನ ಕಡೆ ತಿರುಗಿದರು. ನಾನು ಇಂಡೆಂಟ್ ಹಾಕಿದ್ದೇನೆ. ಐದನೇ ನಂಬರಿನ ಸೇಫ್ಟಿ ಬೂಟು ಒಂದೇ ಜೊತೆ ಕೊಡುವುದಿಲ್ಲ, ಡಜನ್ ತಗೊಳ್ಳಿ ಎನ್ನುತ್ತಾನೆ ಅಂಗಡಿಯವನು. ಡಜನ್‌ಗೆ ಮಂಜೂರಾತಿ ಇಲ್ಲ ಎನ್ನುತ್ತದೆ ಪರ್ಚೇಸು. ಫೈಲು ಇಬ್ಬರ ನಡುವೆ ಓಡಾಡುತ್ತಿದೆ. ಮೇಷ್ಟ್ರು ದಿನಾ ಬೆಳಿಗ್ಗೆ ರೈಲು ಬಂಗಾರಪೇಟೆಗೆ ಬರುವ ಮುಂಚೆಯೇ ಬಾಗಿಲಿಗೆ ಬಂದು ನಿಂತು, ಪ್ಲಾಟ್‌ಫಾರಂ ಮೇಲೆ ನನ್ನನ್ನು ಹುಡುಕಿ, “ಬೂಟು ಬಂತಾ ಸ್ಟೋರ್ಸೂ?” ಎಂದು ಕೂಗುತ್ತಾರೆ. ನಾನೀಗ ಕೊನೆಯ ಬೋಗಿಗೆ ಹತ್ತುತ್ತಿದ್ದೇನೆ.