ವಾಕಿಂಗ್ ಮತ್ತು ದೋಸೆ

ಎಣ್ಣೆ, ತುಪ್ಪ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದರೆ ಬೇರೆ ಊರಿನವರು ತಲೆಯಾಡಿಸಬಹುದು. ಮುಳಬಾಗಿಲಿನವರ ಪಾಡು ಕೇಳಬೇಡಿ. ಬೆಳಗಿನ ವಾಕಿಂಗ್ ಯಾವ ದಿಕ್ಕಿಗೆ ಹೊರಟರೂ ಕಾವಲಿಯ ಚುಂಯ್ ಸದ್ದಿಗೆ ಕಾಲು ತಾನೇ ತಿರುಗುತ್ತದೆ. ನಮ್ಮ ದೋಸೆ ತೆಳ್ಳಗೆ ಉದ್ದುದ್ದ ಮಲಗುವ ಜಾತಿಯದಲ್ಲ; ಗಿಡ್ಡ, ದಪ್ಪ, ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಕಳೆದುಕೊಂಡ ಕ್ಯಾಲೊರಿಗಳನ್ನೆಲ್ಲ ಬಡ್ಡಿಸಮೇತ ವಾಪಸು ಕೊಡುತ್ತದೆ.

"ಏನ್ರೀ, ವಾಕಿಂಗ್ ಹೋದವರ ಕೈ ತುಪ್ಪದ ವಾಸನೆ ಹೊಡೀತಿದೆ?"

"ಆಂಜನೇಯಸ್ವಾಮಿ ಗುಡೀಲಿ ದೀಪ ಹಚ್ಚಿದೆ ಕಣೇ."

"ಮೀಸೇಲಿ ಚಟ್ನಿ ಇದೆ. ಅದೂ ಪ್ರಸಾದಾನಾ?"

ಪಕ್ಕದ ಕುರುಡುಮಲೆಯ ಗಣಪ ಸುಮಾರು 13 ಅಡಿ ಎತ್ತರ. ಆ ಹೊಟ್ಟೆಯ ಬಗ್ಗೆ ಯಾರೂ ಚಕಾರ ಎತ್ತಿಲ್ಲ. ಬಾಳಿನ ಹದ ತಿಳಿಸಿದ ಡಿವಿಜಿ 1887ರಲ್ಲಿ ಹುಟ್ಟಿದ್ದೂ ನಮ್ಮ ಮುಳಬಾಗಿಲಿನಲ್ಲೇ. ಹದದ ಮೊದಲ ಪಾಠ ದೋಸೆಹಿಟ್ಟಿನಿಂದಲೇ ಆಗಿರಬೇಕು ಎಂಬುದು ನನ್ನ ಗುಮಾನಿ, ಸಂಶೋಧನೆಯಲ್ಲ.

ಈಗ ಮನೆಯಲ್ಲಿ ರಾಜಿಯಾಗಿದೆ. ವಾರವೆಲ್ಲ ರಾಗಿಮುದ್ದೆ, ಬಸ್ಸಾರು. ಭಾನುವಾರ ನನಗೆ ಒಂದೇ ಒಂದು ದೋಸೆ. ಬರುವಾಗ ಅವಳಿಗೆ ಪಾರ್ಸೆಲ್ ತರಬೇಕು. ಎರಡು.