ಕಿಸೆಯ ಚಾಕಿನ ಅಳತೆ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಹಿರಿಯರು ಕಿಸೆಯಿಂದ ಮಡಚುವ ಚಾಕು ತೆಗೆದರೆ ಹೆದರಬೇಡಿ; ಸವತಿಕಾಯಿ ಹೆಚ್ಚೋದಿರುತ್ತದೆ. (ಉಳ್ಳಾಗಡ್ಡಿಗೆ ಚಾಕು ಬೇಡ, ಒಂದು ಗುದ್ದು ಸಾಕು.) ಆಮೇಲೆ ಅಳತೆಯ ಪಂಥ ಶುರು.

“ಕಾಕಾ, ನಿಮ್ಮದು ನಾಲ್ಕೇ ಬೆರಳು ಅದಲ್ರಿ!”

“ನಿಂದು ಗೇಣುದ್ದ ಅದ ಖರೆ, ಸಿಪ್ಪಿನೂ ಹೋಗವಲ್ದು!”

ಉದ್ದದ ಜಂಬವೆಲ್ಲ ಸಿನಿಮಾ ಖಳನಾಯಕರ ರಾಮಪುರಿ ಚಾಕಿನದು: ಅಲಗೇ 9ರಿಂದ 12 ಇಂಚು. 1990ರ ದಶಕದಲ್ಲಿ ಉತ್ತರ ಪ್ರದೇಶ ಸರ್ಕಾರ 4.5 ಇಂಚು ಮೀರಿದ್ದನ್ನು ನಿಷೇಧಿಸಿತು. ಚಾಕುವನ್ನೇ ಕತ್ತರಿಸುವ ಹರಿತ ಸರ್ಕಾರಕ್ಕಷ್ಟೇ ಇರುವುದು! 2016ರ ಶಸ್ತ್ರಾಸ್ತ್ರ ನಿಯಮದಂತೆ 9 ಇಂಚು ದಾಟಿದ ಅಲಗು ಶಸ್ತ್ರಾಸ್ತ್ರಗಳ ಪಟ್ಟಿಗೆ ಸೇರುತ್ತದೆ. ಮನೆ, ಹೊಲದ ಕೆಲಸದ್ದಕ್ಕೆ ವಿನಾಯಿತಿ. ತೊಗರಿ ಹೊಲದ ಬುತ್ತಿಗೆ ಮೂರಿಂಚು ಧಾರಾಳ. ವಿಮಾನ ಹತ್ತುವವರು ಮಾತ್ರ ಅದನ್ನೂ ಕಿಸೆಯಿಂದ ತೆಗೆದಿಟ್ಟು ಹೋಗಿರಿ.